ಕರಾಚಿಯಿಂದ ಮುಂಬಯಿಗೆ ಎಷ್ಟು ದೂರ?

ಭೂಪಟದ ಮೇಲೆ ನೇರ ಗೆರೆ ಎಳೆದರೆ ಕರಾಚಿಯಿಂದ ಮುಂಬಯಿಗೆ ಸುಮಾರು 880 ಕಿಲೋಮೀಟರ್. ಬೆಂಗಳೂರಿನಿಂದ ಮುಂಬಯಿಗೂ ಹೆಚ್ಚುಕಡಿಮೆ ಅಷ್ಟೇ ದೂರ, ಸುಮಾರು 840. ಈಗಿನ ಜೆಟ್ ವಿಮಾನಕ್ಕೆ ಎರಡೂ ಒಂದೂವರೆ ಗಂಟೆಯ ಕೆಲಸ. ಬೆಂಗಳೂರಿನಿಂದ ಮುಂಬಯಿಗೆ ದಿನಕ್ಕೆ ಹತ್ತಾರು ವಿಮಾನಗಳು ಹೋಗುತ್ತವೆ. ಕರಾಚಿಯಿಂದ ಒಂದೂ ಇಲ್ಲ. ಕರಾಚಿಯವರೊಬ್ಬರು ಮುಂಬಯಿಗೆ ಬರಬೇಕೆಂದರೆ ಮೊದಲು ಪಶ್ಚಿಮಕ್ಕೆ ಮುಖ ಮಾಡಿ ದುಬೈಗೆ ಹೋಗಬೇಕು. ಅದು ಸುಮಾರು 1,190 ಕಿ.ಮೀ. ಅಲ್ಲಿ ವಿಮಾನ ಬದಲಿಸಿ ಪೂರ್ವಕ್ಕೆ ತಿರುಗಿ ಮತ್ತೆ 1,930 ಕಿ.ಮೀ. ಹಾರಬೇಕು. ಒಟ್ಟು 3,100 ಕಿ.ಮೀ. ದಾಟುತ್ತದೆ. ನಡುವೆ ಕಾಯುವ ಹೊತ್ತು ಸೇರಿಸಿದರೆ ಒಂದೂವರೆ ಗಂಟೆಯ ದಾರಿಗೆ ಹಗಲೊಂದು ಹೋಗಿಬಿಡುತ್ತದೆ.

ಇದನ್ನು ಇನ್ನೊಂದು ಲೆಕ್ಕದ ಪಕ್ಕ ಇಟ್ಟು ನೋಡಬೇಕು. 1932ರ ಅಕ್ಟೋಬರ್ 15ರಂದು ಇದೇ ಎರಡು ಊರುಗಳ ನಡುವೆ ಒಂಟಿ ಎಂಜಿನ್ನಿನ ಪುಟ್ಟ ವಿಮಾನವೊಂದು ಬೆಳಗ್ಗೆ ಆರೂವರೆಯ ಸುಮಾರಿಗೆ ಹೊರಟು, ಅಹಮದಾಬಾದ್‌ನಲ್ಲಿ ಇಳಿದು, ಇಂಧನ ತುಂಬಿಸಿಕೊಂಡು, ಮಧ್ಯಾಹ್ನ ಎರಡು ಗಂಟೆಯೊಳಗೆ ಜುಹುವಿನ ಬಯಲಿಗೆ ಬಂದಿಳಿದಿತ್ತು. ತೊಂಬತ್ತು ವರ್ಷಗಳಲ್ಲಿ ವಿಮಾನಗಳ ವೇಗ ಐದು ಪಟ್ಟು ಹೆಚ್ಚಿದೆ. ಆದರೂ ಆ ದಿನದ ಪ್ರಯಾಣಕ್ಕಿಂತ ಇಂದಿನ ಪ್ರಯಾಣವೇ ಉದ್ದ.

ನಮ್ಮ ಕಡೆ ಹಿಂದೆ ದೂರವನ್ನು ಹೇಳುತ್ತಿದ್ದುದು ಹರದಾರಿಯಲ್ಲಿ, ಗಾವುದದಲ್ಲಿ. ಅದೂ ಬೇಡವೆಂದರೆ ‘ಒಂದು ದಿನದ ಹಾದಿ’, ‘ಎರಡು ದಿನದ ಹಾದಿ’ ಎಂದು. ಹೊಳೆ ತುಂಬಿದ್ದರೆ ಒಂದು ದಿನದ ಹಾದಿ ಮೂರು ದಿನದ್ದಾಗುತ್ತಿತ್ತು. ಕಳ್ಳಕಾಕರ ಭಯವಿದ್ದರೆ ಸುತ್ತುಹಾದಿ ಹಿಡಿಯಬೇಕಾಗುತ್ತಿತ್ತು. ದೂರವೆನ್ನುವುದು ದಾರಿ, ಕಾಲ, ಅನುಮತಿ, ಭಯ ಎಲ್ಲವೂ ಸೇರಿ ಆಗುವ ಮೊತ್ತ ಎಂಬ ತಿಳಿವಳಿಕೆ ಆ ಮಾತಿನೊಳಗೇ ಇತ್ತು. ಕಿಲೋಮೀಟರ್ ಬಂದ ಮೇಲೆ ಅದು ನಮಗೆ ಮರೆತಿದೆ. ಕರಾಚಿ–ಮುಂಬಯಿಯ ವಾಯುಮಾರ್ಗದ ಕಥೆ ಅದನ್ನು ಮತ್ತೆ ನೆನಪಿಸುತ್ತದೆ. ಆ ಕಥೆಯ ಒಂದು ತುದಿ ನಮ್ಮ ಬಳ್ಳಾರಿಯಲ್ಲಿದೆ.

ಬಾಗಿಲಿನ ಊರು

ವಿಮಾನಗಳ ಮೊದಲ ದಶಕಗಳಲ್ಲಿ ಕರಾಚಿ ಭಾರತದ ಹೆಬ್ಬಾಗಿಲಾಗಿತ್ತು. ಕಾರಣ ಸರಳ: ಯುರೋಪಿನಿಂದ ಪರ್ಶಿಯನ್ ಕೊಲ್ಲಿಯ ದಂಡೆ ಹಿಡಿದು ಬರುವ ವಿಮಾನಕ್ಕೆ ಮೊದಲು ಸಿಗುವ ಬ್ರಿಟಿಷ್ ಇಂಡಿಯಾದ ದೊಡ್ಡ ಊರು ಅದು. ವಾಯುನೌಕೆಗಳ ಕಾಲ ಬಂತೆಂದು ನಂಬಿದ್ದ ಬ್ರಿಟಿಷ್ ಸರ್ಕಾರ ಕರಾಚಿಯ ಬಯಲಿನಲ್ಲಿ ಆರ್101 ಎಂಬ ಬೃಹತ್ ವಾಯುನೌಕೆಗಾಗಿ ದೈತ್ಯ ಗಾತ್ರದ ಕೊಟ್ಟಿಗೆಯೊಂದನ್ನೇ ಕಟ್ಟಿಸಿತ್ತು. ಆ ನೌಕೆ ಕರಾಚಿಯನ್ನು ಮುಟ್ಟಲೇ ಇಲ್ಲ. 1930ರ ಅಕ್ಟೋಬರ್ 5ರಂದು ಫ್ರಾನ್ಸಿನ ಬೋವೆ ಬಳಿ ನೆಲಕ್ಕಪ್ಪಳಿಸಿ ಉರಿದುಹೋಯಿತು. ಅದರಲ್ಲಿದ್ದ 54 ಜನರಲ್ಲಿ 48 ಮಂದಿ ಸತ್ತರು. ಕರಾಚಿಯ ಕೊಟ್ಟಿಗೆ ಮಾತ್ರ ಬಾರದ ಅತಿಥಿಗಾಗಿ ಕಾದಂತೆ ದಶಕಗಳ ಕಾಲ ನಿಂತಿತ್ತು.

ಅಷ್ಟರಲ್ಲಿ ವಿಮಾನಗಳು ಬಂದಾಗಿತ್ತು. 1929ರ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಲಂಡನ್ನಿನಿಂದ ಕರಾಚಿಗೆ ವಾರಕ್ಕೊಮ್ಮೆಯ ಟಪಾಲು ಸೇವೆ ಶುರುಮಾಡಿತು. ಬಾಸೆಲ್‌ವರೆಗೆ ವಿಮಾನ, ಅಲ್ಲಿಂದ ಜಿನೋವಾಕ್ಕೆ ರೈಲು, ಮೆಡಿಟರೇನಿಯನ್ ದಾಟಲು ನೀರಿನ ಮೇಲೆ ಇಳಿಯುವ ವಿಮಾನ, ಈಜಿಪ್ಟಿನಿಂದ ಮತ್ತೆ ನೆಲದ ವಿಮಾನ; ಬಾಗ್ದಾದ್, ಬಸ್ರಾ, ಗ್ವಾದರ್ ಮೂಲಕ ಏಳು ದಿನಕ್ಕೆ ಕರಾಚಿ. ಹಡಗಿನ ಟಪಾಲಿಗೆ ಹೋಲಿಸಿದರೆ ಇದು ದೊಡ್ಡ ಉಳಿತಾಯ. ಆದರೆ ಕರಾಚಿಯಲ್ಲಿ ಇಳಿದ ಚೀಲಗಳು ಮುಂಬಯಿಗೆ, ಮದ್ರಾಸಿಗೆ ಹೋಗಬೇಕಾದರೆ ರೈಲು ಹತ್ತಬೇಕಿತ್ತು. ಕರಾಚಿಗೂ ಮುಂಬಯಿಗೂ ನಡುವೆ ಕಚ್ಛದ ರಣ ಮಲಗಿದೆ. ರೈಲು ಅದರೊಳಗೆ ಹೋಗಲಾರದು. ಹೈದರಾಬಾದ್ (ಸಿಂಧ್‌ನದು), ಮಾರವಾಡ, ಅಹಮದಾಬಾದ್ ಎಂದು ಮರಳುಗಾಡನ್ನು ಬಳಸಿ, ಹಳಿಯ ಅಗಲ ಬದಲಾದ ಕಡೆ ಗಾಡಿ ಬದಲಿಸಿ ಬರಬೇಕಿತ್ತು. ಖಂಡ ದಾಟುವಾಗ ಉಳಿಸಿದ ಹೊತ್ತನ್ನು ಕೊನೆಯ ತುಂಡು ದಾರಿಯಲ್ಲಿ ಕಳೆದುಕೊಳ್ಳುವ ಸ್ಥಿತಿ.

ಈ ತುಂಡು ದಾರಿಯನ್ನು ಹಾರಿ ದಾಟಬಹುದೆಂದು ಯೋಜನೆ ಹಾಕಿದವರು ನೆವಿಲ್ ವಿನ್ಸೆಂಟ್. ಬ್ರಿಟಿಷ್ ವಾಯುಪಡೆಯಲ್ಲಿದ್ದು ಹೊರಬಂದು, ಭಾರತದಲ್ಲಿ ಊರೂರು ಸುತ್ತಿ ವಿಮಾನ ಪ್ರದರ್ಶನ ನಡೆಸಿದವರು. ಅವರ ಯೋಜನೆಗೆ ಜೊತೆಯಾದವರು ಜೆ.ಆರ್.ಡಿ. ಟಾಟಾ. 1929ರ ಫೆಬ್ರವರಿ 10ರಂದು ಭಾರತದಲ್ಲಿ ಮೊದಲನೆಯ ಸಂಖ್ಯೆಯ ಪೈಲಟ್ ಪರವಾನಗಿ ಪಡೆದಿದ್ದ ಇಪ್ಪತ್ತನಾಲ್ಕರ ಯುವಕ. ಸರ್ಕಾರ ಒಪ್ಪುವಷ್ಟರಲ್ಲಿ ಮೂರು ವರ್ಷ ಕಳೆದವು. ಸಹಾಯಧನದ ಮಾತೆತ್ತಿದರೆ ಖಜಾನೆಯಲ್ಲಿ ಹಣವಿಲ್ಲ ಎನ್ನುವ ಕಾಲ. ಜಗತ್ತಿನಾದ್ಯಂತ ಆರ್ಥಿಕ ಕುಸಿತ. ಕೊನೆಗೆ ಸಹಾಯಧನವೇ ಬೇಡ, ಹೊತ್ತ ಟಪಾಲಿನ ತೂಕಕ್ಕೆ ತಕ್ಕ ಹಣ ಸಾಕು ಎಂಬ ಒಪ್ಪಂದಕ್ಕೆ 1932ರ ಏಪ್ರಿಲ್‌ನಲ್ಲಿ ಸಹಿ ಬಿತ್ತು. ಹೂಡಿದ ಬಂಡವಾಳ ಎರಡು ಲಕ್ಷ ರೂಪಾಯಿ.

ಒಂದು ವಿಷಯ ಗಮನಿಸಬೇಕು. ಎರಡು ಊರುಗಳ ನಡುವಿನ ವಾಯುಮಾರ್ಗ ಹುಟ್ಟಿದ್ದು ಮನುಷ್ಯರಿಗಾಗಿ ಅಲ್ಲ, ಕಾಗದಗಳಿಗಾಗಿ. ಭಾರತದಲ್ಲಿ ಅದು ಹೊಸದೂ ಅಲ್ಲ. 1911ರ ಫೆಬ್ರವರಿ 18ರಂದು ಅಲಹಾಬಾದ್‌ನಿಂದ ನೈನಿಗೆ ಯಮುನೆಯ ಮೇಲೆ ಹಾದು ಆರು ಮೈಲಿ ಹಾರಿದ ಆನ್ರಿ ಪೆಕೆ ಎಂಬ ಫ್ರೆಂಚ್ ಪೈಲಟ್ ಹೊತ್ತೊಯ್ದಿದ್ದೂ ಆರು ಸಾವಿರಕ್ಕೂ ಹೆಚ್ಚು ಕಾಗದಗಳನ್ನೇ. ಹದಿಮೂರು ನಿಮಿಷದ ಆ ಹಾರಾಟ ಜಗತ್ತಿನ ಮೊದಲ ಅಧಿಕೃತ ವಿಮಾನ ಟಪಾಲು ಎನಿಸಿಕೊಂಡಿದೆ. ಸಿಂಧ್ ಪ್ರಾಂತಕ್ಕಂತೂ ಟಪಾಲಿನ ಇತಿಹಾಸ ಇನ್ನೂ ಹಳೆಯದು: ಏಷ್ಯಾದ ಮೊದಲ ಅಂಚೆ ಚೀಟಿ ‘ಸಿಂಧ್ ಡಾಕ್’ 1852ರಲ್ಲಿ ಹೊರಬಂದದ್ದು ಅಲ್ಲಿಯೇ.

ಎತ್ತಿನ ಗಾಡಿಯಲ್ಲಿ ಬಂದ ಪೆಟ್ರೋಲು

ಜೆ.ಆರ್.ಡಿ. ಅಂದು ಹಾರಿಸಿದ್ದು ಡಿ ಹ್ಯಾವಿಲೆಂಡ್ ಕಂಪನಿಯ ಪಸ್ ಮಾತ್ ವಿಮಾನ. ವೇಗ ಗಂಟೆಗೆ ನೂರು ಮೈಲಿಯ ಆಸುಪಾಸು. ದಾರಿ ತೋರಿಸುವ ರೇಡಿಯೋ ಇಲ್ಲ. ಕೆಳಗೆ ಕಾಣುವ ನದಿ, ಹಳಿ, ದಂಡೆಗಳೇ ಗುರುತು. ಹೊತ್ತದ್ದು ಸುಮಾರು 25 ಕಿಲೋ ಟಪಾಲು. ಕರಾಚಿಯಿಂದ ಅಹಮದಾಬಾದ್‌ಗೆ ಸುಮಾರು 590 ಕಿ.ಮೀ., ಅಲ್ಲಿಂದ ಮುಂಬಯಿಗೆ 445. ನೇರ ಗೆರೆಯ 880 ಕಿ.ಮೀ. ಹೀಗೆ 1,035 ಆಯಿತು. ಆ ಹೆಚ್ಚಿನ 155 ಕಿ.ಮೀ. ಇಂಧನದ ಟ್ಯಾಂಕಿಗೆ ಕಟ್ಟಿದ ಸುಂಕ.

ಅಹಮದಾಬಾದ್‌ನಲ್ಲಿ ಇಂಧನ ಬಂದದ್ದು ಎತ್ತಿನ ಗಾಡಿಯಲ್ಲಿ. ಬರ್ಮಾ ಶೆಲ್ ಕಂಪನಿಯ ನಾಲ್ಕು ಗ್ಯಾಲನ್ನಿನ ಡಬ್ಬಗಳನ್ನು ಗಾಡಿಯಲ್ಲಿ ಹೇರಿ ತಂದು ವಿಮಾನಕ್ಕೆ ಸುರಿದರು. ಈ ಘಟನೆಯನ್ನು ಹೇಳುವವರೆಲ್ಲ ಹಳೆಯದೂ ಹೊಸದೂ ಎದುರಾದ ತಮಾಷೆಯಾಗಿ ಹೇಳುತ್ತಾರೆ. ನನಗೆ ಅದು ಬೇರೆಯಾಗಿ ಕಾಣುತ್ತದೆ. ಏಳು ಗಂಟೆಯ ಆ ಪ್ರಯಾಣದ ಒಳಗೆ ಎತ್ತಿನ ವೇಗವೂ ಸೇರಿದೆ. ಗಾಡಿ ಹೊತ್ತಿಗೆ ಬಾರದಿದ್ದರೆ ಗಂಟೆಗೆ ನೂರು ಮೈಲಿಯ ವಿಮಾನ ಅಲ್ಲೇ ನಿಲ್ಲಬೇಕಿತ್ತು. ಪೈಲಟ್ ಯಾರು, ವಿಮಾನ ಯಾವುದು, ಟಪಾಲಿನ ತೂಕ ಎಷ್ಟು ಎಂಬುದೆಲ್ಲ ನಮಗೆ ಗೊತ್ತಿದೆ. ಗಾಡಿಯವನ ಹೆಸರು ಯಾವ ಕಥನದಲ್ಲೂ ಕಾಣುವುದಿಲ್ಲ. ದೂರವನ್ನು ಕಿರಿದುಮಾಡುವ ಕೆಲಸದಲ್ಲಿ ಯಾರ್ಯಾರ ಕೈ ಇರುತ್ತದೆ, ಇತಿಹಾಸದಲ್ಲಿ ಯಾರ ಹೆಸರು ಉಳಿಯುತ್ತದೆ ಎಂಬುದು ಆ ಡಬ್ಬಗಳ ಸುತ್ತಲೇ ತಿಳಿದುಬಿಡುತ್ತದೆ.

ಮುಂಬಯಿಯಲ್ಲಿ ಇಳಿದ ಜಾಗ ಜುಹು. ಆಗ ಅದು ಸಮುದ್ರದ ಅಂಚಿನ ಕೆಸರು ಬಯಲು. ಮಳೆಗಾಲದಲ್ಲಿ ನೀರು ನಿಲ್ಲುತ್ತಿತ್ತು. ಆ ತಿಂಗಳುಗಳಲ್ಲಿ ಕಂಪನಿ ತನ್ನ ವ್ಯವಹಾರವನ್ನೆಲ್ಲ ಪುಣೆಗೆ ಸಾಗಿಸಬೇಕಾಗುತ್ತಿತ್ತು. ಹೊಳೆ ತುಂಬಿದರೆ ಹಾದಿ ಉದ್ದವಾಗುವ ಹಳೆಯ ನಿಯಮ ಆಕಾಶಕ್ಕೂ ಅನ್ವಯಿಸಿತು.

ಬಳ್ಳಾರಿಯ ರಾತ್ರಿ

ಮುಂಬಯಿಯಿಂದ ಮುಂದಿನ ಭಾಗ ವಿನ್ಸೆಂಟ್ ಅವರದು. ಅವರ ಗುರಿ ಮದ್ರಾಸು, ನಡುವಿನ ತಂಗುದಾಣ ಬಳ್ಳಾರಿ. ಏಕೆ ಬಳ್ಳಾರಿ? ಭೂಪಟವೇ ಉತ್ತರ ಹೇಳುತ್ತದೆ. ಮುಂಬಯಿಯಿಂದ ಮದ್ರಾಸಿಗೆ ನೇರ ಗೆರೆ ಸುಮಾರು 1,032 ಕಿ.ಮೀ. ಮುಂಬಯಿಯಿಂದ ಬಳ್ಳಾರಿ 612, ಬಳ್ಳಾರಿಯಿಂದ ಮದ್ರಾಸು 428, ಕೂಡಿದರೆ 1,040. ಅಹಮದಾಬಾದ್‌ಗಾಗಿ 155 ಕಿ.ಮೀ. ಸುತ್ತಿದ ಮಾರ್ಗ ಬಳ್ಳಾರಿಗಾಗಿ ಸುತ್ತಿದ್ದು ಎಂಟೇ ಕಿ.ಮೀ. ಊರು ಗೆರೆಯ ಮೇಲೆಯೇ ಕುಳಿತಿದೆ ಎನ್ನಬೇಕು. ಸುತ್ತ ಸಮತಟ್ಟು ನೆಲ. ಹಳೆಯ ದಂಡಿನ ಊರಾದ್ದರಿಂದ ಸರ್ಕಾರದ ಕೈಗೆ ಸಿಗುವ ಸ್ಥಳ.

ಮಧ್ಯಾಹ್ನ ಎರಡರ ಮೇಲೆ ಮುಂಬಯಿ ಬಿಟ್ಟರೆ 612 ಕಿ.ಮೀ.ಗೆ ನಾಲ್ಕು ಗಂಟೆ ಬೇಕು. ಅಕ್ಟೋಬರ್‌ನಲ್ಲಿ ಅಷ್ಟು ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಕತ್ತಲಲ್ಲಿ ಹಾರುವ ಸಲಕರಣೆ ಇರಲಿಲ್ಲ. ಆದ್ದರಿಂದ ಟಪಾಲು ಚೀಲಗಳು ರಾತ್ರಿ ಬಳ್ಳಾರಿಯಲ್ಲಿ ತಂಗಿ, ಮರುದಿನ ಮದ್ರಾಸಿಗೆ ಹೊರಟವು. ಹೀಗೆ ಇವತ್ತಿನ ಏರ್ ಇಂಡಿಯಾದ ಮೂಲವಾದ ಸೇವೆಯ ಮೊದಲ ರಾತ್ರಿ ಕಳೆದದ್ದು ಈಗ ಕರ್ನಾಟಕದಲ್ಲಿರುವ ಊರಿನಲ್ಲಿ. ಮುಂದೆ ಹೈದರಾಬಾದ್ ಈ ಮಾರ್ಗಕ್ಕೆ ಸೇರಿತು. 1935ರಲ್ಲಿ ಮುಂಬಯಿ–ಗೋವಾ–ಕಣ್ಣೂರು–ತಿರುವನಂತಪುರ ಎಂಬ ಇನ್ನೊಂದು ಮಾರ್ಗ ಶುರುವಾಯಿತು. ಅದು ನಮ್ಮ ಕರಾವಳಿಯುದ್ದಕ್ಕೂ ಹಾದರೂ ಕಾರವಾರದಲ್ಲೂ ಇಳಿಯಲಿಲ್ಲ, ಮಂಗಳೂರಿನಲ್ಲೂ ಇಳಿಯಲಿಲ್ಲ.

‘ಈಗ ಕರ್ನಾಟಕದಲ್ಲಿರುವ’ ಎಂದೆ. ಆಗ ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಮುಂಬಯಿಯಿಂದ ಬಳ್ಳಾರಿಗೆ ಎಳೆದ ನೇರ ಗೆರೆ ಬಾಗಲಕೋಟೆಯ ಹತ್ತಿರ ಹಾದು, ಗಂಗಾವತಿಯ ಬಳಿ ಸಾಗಿ, ತುಂಗಭದ್ರೆಯನ್ನು ದಾಟಿ ಊರು ಸೇರುತ್ತದೆ. ಬಾಗಲಕೋಟೆ ಅಂದು ಮುಂಬಯಿ ಪ್ರಾಂತ. ಗಂಗಾವತಿ ನಿಜಾಮರ ಸಂಸ್ಥಾನ. ಅಲ್ಲಿನ ಅಂಚೆಯೇ ಬೇರೆ, ಅಂಚೆ ಚೀಟಿಯೇ ಬೇರೆ. ಬಳ್ಳಾರಿ ಮದ್ರಾಸ್ ಪ್ರಾಂತ. ಬಾಗಲಕೋಟೆಯಿಂದ ಬಳ್ಳಾರಿಗೆ ಪಸ್ ಮಾತ್ ವಿಮಾನಕ್ಕೆ ಒಂದೇ ಗಂಟೆಯ ದಾರಿ. ಆ ಒಂದು ಗಂಟೆಯಲ್ಲಿ ಕೆಳಗೆ ಮೂರು ಆಡಳಿತಗಳು ಸರಿದುಹೋಗುತ್ತಿದ್ದವು, ಮೂರರಲ್ಲೂ ಕನ್ನಡ ಮಾತನಾಡುವವರು ಇದ್ದರು. ನೆಲದ ಮೇಲೆ ಏಕೀಕರಣಕ್ಕಾಗಿ ನಡೆದ ಹೋರಾಟ 1956ರವರೆಗೆ ಎಳೆಯಿತು. ಆಕಾಶದಿಂದ ನೋಡಿದವರಿಗೆ ಅದು ಆಗಲೇ ಒಂದೇ ಎರೆನೆಲ.

ಇನ್ನೊಂದು ಸಂಗತಿಯನ್ನೂ ನಾವು ಮರೆತಿದ್ದೇವೆ. 1936ರ ಏಪ್ರಿಲ್ 1ರವರೆಗೆ ಸಿಂಧ್ ಮುಂಬಯಿ ಪ್ರಾಂತದ ಭಾಗವಾಗಿತ್ತು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳೂ ಅದೇ ಪ್ರಾಂತದವು. ಅಂದರೆ ಜೆ.ಆರ್.ಡಿ. ಕರಾಚಿಯಿಂದ ಹೊರಟ ದಿನ ಕರಾಚಿಯವರೂ ಧಾರವಾಡದವರೂ ಒಂದೇ ಗವರ್ನರ್ ಕೆಳಗಿದ್ದರು. ಧಾರವಾಡಕ್ಕೂ ಕೇವಲ 200 ಕಿ.ಮೀ. ಆಚೆಯ ಬಳ್ಳಾರಿಗೂ ಪ್ರಾಂತವೇ ಬೇರೆ. ಆಡಳಿತದ ಲೆಕ್ಕದಲ್ಲಿ ಧಾರವಾಡಕ್ಕೆ ಬಳ್ಳಾರಿಗಿಂತ ಕರಾಚಿ ಹತ್ತಿರವಾಗಿತ್ತು.

ಸೇವೆ ಚೆನ್ನಾಗಿಯೇ ನಡೆಯಿತು. ಮೊದಲ ಪೂರ್ಣ ವರ್ಷ 1933ರಲ್ಲಿ ಈ ವಿಮಾನಗಳು 1,60,000 ಮೈಲಿ ಹಾರಿ, 10 ಟನ್‌ಗೂ ಹೆಚ್ಚು ಟಪಾಲು ಸಾಗಿಸಿದವು. ಅದೇ ವರ್ಷ ಹೊತ್ತ ಪ್ರಯಾಣಿಕರು 155 ಮಂದಿ. ಮನುಷ್ಯರು ಇನ್ನೂ ಕಾಗದಗಳ ನಡುವೆ ಜಾಗ ಸಿಕ್ಕರೆ ಕೂರುವ ಕಾಲ.

ಮೂವತ್ತೊಂಬತ್ತು ನಿಮಿಷ, ಮೂವತ್ತು ನಿಮಿಷ

ಹಾರಾಟದ ಅವಧಿ ಲೆಕ್ಕ ಹಾಕುವವರು ಗಡಿಯಾರವನ್ನೂ ನೋಡಬೇಕು. ಭಾರತದ ಪ್ರಮಾಣಿತ ಕಾಲ 1906ರಲ್ಲೇ ಬಂದಿದ್ದರೂ ಮುಂಬಯಿ ನಗರ ತನ್ನದೇ ‘ಬಾಂಬೆ ಟೈಮ್’ ಅನ್ನು 1955ರವರೆಗೂ ಉಳಿಸಿಕೊಂಡಿತ್ತು. ಅದು ಪ್ರಮಾಣಿತ ಕಾಲಕ್ಕಿಂತ 39 ನಿಮಿಷ ಹಿಂದೆ. ರೈಲ್ವೆ ನಿಲ್ದಾಣದ ಗಡಿಯಾರ ಒಂದು ಹೇಳಿದರೆ ನಗರದ ಗಡಿಯಾರ ಇನ್ನೊಂದು ಹೇಳುತ್ತಿತ್ತು.

ದೇಶವಿಭಜನೆಯ ನಾಲ್ಕು ವರ್ಷಗಳ ನಂತರ, 1951ರಲ್ಲಿ, ಕರಾಚಿ ತನ್ನ ಮುಳ್ಳುಗಳನ್ನು ಭಾರತದ ಕಾಲಕ್ಕಿಂತ ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿಕೊಂಡಿತು. ಆಮೇಲಿನ ವೇಳಾಪಟ್ಟಿಗಳಲ್ಲಿ ಒಂದೂವರೆ ಗಂಟೆಯ ಹಾರಾಟ ಕರಾಚಿಯಿಂದ ಬರುವಾಗ ಎರಡು ಗಂಟೆಯಂತೆ, ಮುಂಬಯಿಯಿಂದ ಹೋಗುವಾಗ ಒಂದೇ ಗಂಟೆಯಂತೆ ಕಾಣತೊಡಗಿತು. ಒಂದೇ ದೇಶವಾಗಿದ್ದಾಗ ಒಂದು ನಗರದ ಹಟದಿಂದ 39 ನಿಮಿಷದ ಅಂತರ. ಎರಡು ದೇಶವಾದ ಮೇಲೆ ರಾಷ್ಟ್ರದ ಹೆಸರಿನಲ್ಲಿ 30 ನಿಮಿಷದ ಅಂತರ. ಮೊದಲನೆಯದಕ್ಕೆ ಜನ ನಕ್ಕು ಸುಮ್ಮನಾಗಬಹುದಿತ್ತು.

ಆಕಾಶಕ್ಕೆ ಬೀಗ

1947ರಲ್ಲಿ ಸಿಂಧಿ ಹಿಂದೂಗಳು ಕರಾಚಿಯ ಬಂದರಿನಿಂದ ಹಡಗು ಹತ್ತಿ ಮುಂಬಯಿಗೆ ಬಂದರು. ಕಲ್ಯಾಣ ಬಳಿಯ ಸೈನ್ಯದ ಹಳೆಯ ಬಿಡಾರಗಳಲ್ಲಿ ತುಂಬಿಕೊಂಡರು. ಆ ಶಿಬಿರವೇ ಮುಂದೆ ಉಲ್ಹಾಸನಗರವಾಯಿತು. ಉತ್ತರ ಭಾರತದಿಂದಲೂ ಮುಂಬಯಿಯಿಂದಲೂ ಮುಸ್ಲಿಮರು ಕರಾಚಿಗೆ ಹೋದರು. ಎರಡು ಊರುಗಳ ನಡುವೆ ಹಿಂದೆಂದೂ ಇಲ್ಲದಷ್ಟು ಬಂಧುತ್ವ ಬೆಳೆದದ್ದು ಆ ವರ್ಷಗಳಲ್ಲೇ. ಒಬ್ಬೊಬ್ಬರ ಮನೆಯ ಅರ್ಧ ಅಲ್ಲಿ, ಅರ್ಧ ಇಲ್ಲಿ. ದಾರಿಗಳು ಮುಚ್ಚತೊಡಗಿದ್ದು ಅದರ ಬೆನ್ನಿಗೇ.

1919ರ ಪ್ಯಾರಿಸ್ ಒಪ್ಪಂದ ಹಾಗೂ 1944ರ ಶಿಕಾಗೋ ಒಪ್ಪಂದ ಒಂದು ಮಾತನ್ನು ಸ್ಪಷ್ಟಪಡಿಸಿದ್ದವು: ಪ್ರತಿ ದೇಶದ ನೆಲದ ಮೇಲಿನ ಆಕಾಶವೂ ಆ ದೇಶದ್ದೇ. 1932ರಲ್ಲಿ ಕರಾಚಿಯಿಂದ ಮದ್ರಾಸಿನವರೆಗೆ ಇದು ಯಾರಿಗೂ ತೊಡಕಾಗಿರಲಿಲ್ಲ. 1947ರ ನಂತರ ಇದೇ ಎಲ್ಲಕ್ಕಿಂತ ಮುಖ್ಯವಾಯಿತು. 1965ರ ಯುದ್ಧದಲ್ಲಿ ಮುನಾಬಾವ್–ಖೋಖ್ರಾಪಾರ್ ನಡುವಿನ ರೈಲು ನಿಂತಿತು. ಆಕಾಶವೂ ಮುಚ್ಚಿತು, ತಾಷ್ಕೆಂಟ್ ಘೋಷಣೆಯ ನಂತರ 1966ರಲ್ಲಿ ಒಬ್ಬರ ಮೇಲಿಂದ ಇನ್ನೊಬ್ಬರು ಹಾದುಹೋಗಲು ಒಪ್ಪಿಗೆ ಸಿಕ್ಕಿತು.

1971ರ ಜನವರಿ 30ರಂದು ಇಂಡಿಯನ್ ಏರ್‌ಲೈನ್ಸಿನ ‘ಗಂಗಾ’ ಎಂಬ ವಿಮಾನವನ್ನು ಅಪಹರಿಸಿ ಲಾಹೋರಿಗೆ ಒಯ್ದು ಸುಟ್ಟರು. ಭಾರತ ತನ್ನ ಆಕಾಶವನ್ನು ಪಾಕಿಸ್ತಾನಿ ವಿಮಾನಗಳಿಗೆ ಮುಚ್ಚಿತು. ಆಗ ಒಂದೇ ದೇಶದ ಎರಡು ನಗರಗಳಾಗಿದ್ದ ಕರಾಚಿ ಮತ್ತು ಢಾಕಾ ನಡುವಿನ ಸುಮಾರು 2,350 ಕಿ.ಮೀ. ದಾರಿ ಇದ್ದಕ್ಕಿದ್ದಂತೆ ಇಲ್ಲವಾಯಿತು. ವಿಮಾನಗಳು ಭಾರತದ ಪರ್ಯಾಯ ದ್ವೀಪವನ್ನು ಸುತ್ತಿ, ಕೊಲಂಬೊದಲ್ಲಿ ಇಳಿದು, ಬಂಗಾಳ ಕೊಲ್ಲಿಯ ಮೇಲೆ ಹತ್ತಿ ಹೋಗಬೇಕಾಯಿತು. ದೂರ ಎರಡರಷ್ಟಕ್ಕೂ ಹೆಚ್ಚಾಯಿತು. ಆ ವರ್ಷದ ಕೊನೆಗೆ ಆ ಎರಡು ನಗರಗಳು ಎರಡು ದೇಶಗಳಲ್ಲಿದ್ದವು. ಬಾಂಗ್ಲಾದೇಶ ಹುಟ್ಟಿದ್ದಕ್ಕೆ ಕಾರಣಗಳು ಭಾಷೆ, ಚುನಾವಣೆ, ಹಿಂಸಾಚಾರಗಳಲ್ಲಿವೆ, ನಿಜ. ಆದರೆ ಸೈನಿಕರನ್ನೂ ಸರಕನ್ನೂ ಸಾಗಿಸಬೇಕಾದವರಿಗೆ ಆ ಸುತ್ತುದಾರಿ ಎಷ್ಟು ಭಾರವಾಗಿತ್ತು ಎಂಬುದನ್ನು ಭೂಪಟ ನೋಡಿದ ಯಾರೂ ಊಹಿಸಬಹುದು.

1976ರಲ್ಲಿ ಮಾರ್ಗಗಳು ಮತ್ತೆ ತೆರೆದವು. 1982ರ ಅಕ್ಟೋಬರ್ 15ರಂದು, ಮೊದಲ ಹಾರಾಟಕ್ಕೆ ಐವತ್ತು ತುಂಬಿದ ದಿನ, ಎಪ್ಪತ್ತೆಂಟರ ಜೆ.ಆರ್.ಡಿ. ಕರಾಚಿಯಿಂದ ಮುಂಬಯಿಗೆ ಲೆಪರ್ಡ್ ಮಾತ್ ಎಂಬ ಹಳೆಯ ವಿಮಾನವನ್ನು ತಾವೇ ಹಾರಿಸಿಕೊಂಡು ಬಂದರು. ಅವರ ವಯಸ್ಸು, ಧೈರ್ಯಗಳ ಬಗ್ಗೆ ಆಗ ಎಲ್ಲರೂ ಬರೆದರು. ನನ್ನ ಗಮನ ಸೆಳೆಯುವುದು ಎರಡೂ ದೇಶಗಳು ಆ ಹಾರಾಟಕ್ಕೆ ಅನುಮತಿ ಕೊಟ್ಟವು ಎಂಬ ಸಂಗತಿ. ಮೂರು ಯುದ್ಧಗಳ ನಂತರವೂ ಅದು ಸಾಧ್ಯವಿತ್ತು. ಜೊತೆಯಾಗಿ ಮೊದಲ ದಿನ ಹಾರಿದ್ದ ವಿನ್ಸೆಂಟ್ ಅದನ್ನು ನೋಡಲು ಇರಲಿಲ್ಲ. ಅವರು 1942ರಲ್ಲಿ, ಯುದ್ಧಕಾಲದ ಹಾರಾಟದಲ್ಲಿ ತೀರಿಕೊಂಡಿದ್ದರು.

ಆಮೇಲಿನ ಕಥೆಯನ್ನು ಬೇಗ ಹೇಳಬಹುದು, ಏಕೆಂದರೆ ಅದು ಒಂದೇ ಬಾಗಿಲನ್ನು ತೆರೆದು ಮುಚ್ಚಿದ ಕಥೆ. 1990ರ ದಶಕದ ನಡುವೆ ಕರಾಚಿಯ ಭಾರತೀಯ ಕಾನ್ಸುಲೇಟ್ ಮುಚ್ಚಿತು; ಅಲ್ಲಿಂದಾಚೆ ಕರಾಚಿಯವರಿಗೆ ಮುಂಬಯಿಯ ವೀಸಾ ಸಾವಿರಕ್ಕೂ ಹೆಚ್ಚು ಕಿ.ಮೀ. ಉತ್ತರದ ಇಸ್ಲಾಮಾಬಾದ್‌ನಿಂದ ಬರಬೇಕಾಯಿತು. ಸಂಸತ್ತಿನ ಮೇಲಿನ ದಾಳಿಯ ನಂತರ 2002ರ ಆರಂಭದಿಂದ ಎರಡು ವರ್ಷ ಆಕಾಶ ಮುಚ್ಚಿತ್ತು. 2006ರಲ್ಲಿ ಮುನಾಬಾವ್ ರೈಲು ನಲವತ್ತು ವರ್ಷಗಳ ಬಳಿಕ ಓಡಿತು, 2019ರಲ್ಲಿ ನಿಂತಿತು. 2017ರಲ್ಲಿ ಕರಾಚಿ–ಮುಂಬಯಿ ನಡುವಿನ ಕೊನೆಯ ವಿಮಾನ ಸೇವೆಯೂ ನಿಂತಿತು. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ಆಕಾಶ ಮುಚ್ಚಿದಾಗ ಏರ್ ಇಂಡಿಯಾ ಒಂದಕ್ಕೇ ಆದ ನಷ್ಟ 491 ಕೋಟಿ ರೂಪಾಯಿ ಎಂದು ಸರ್ಕಾರ ರಾಜ್ಯಸಭೆಗೆ ತಿಳಿಸಿತು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್‌ನ ಹತ್ಯಾಕಾಂಡದ ನಂತರ, ಎರಡೂ ದೇಶಗಳು ಒಬ್ಬರ ವಿಮಾನಕ್ಕೆ ಇನ್ನೊಬ್ಬರ ಆಕಾಶವನ್ನು ಮತ್ತೆ ಮುಚ್ಚಿದವು. ಕರಾಚಿಯಿಂದ ಟಪಾಲು ತರಲು ಹುಟ್ಟಿದ ಕಂಪನಿಯ ವಿಮಾನಗಳು ದೆಹಲಿಯಿಂದ ಪಶ್ಚಿಮಕ್ಕೆ ಹೋಗಲು ಕರಾಚಿಯ ಆಕಾಶವನ್ನು ಬಳಸಿ ದಕ್ಷಿಣಕ್ಕೆ ಇಳಿದು ಹೋಗಬೇಕಾಯಿತು.

ಈ ನಿರ್ಧಾರಗಳ ಹಿಂದೆ ನಿಜವಾದ ಸಾವುನೋವುಗಳಿವೆ. ಹಾಗೆಂದೇ ಅವುಗಳನ್ನು ಹಗುರವಾಗಿ ಅಲ್ಲಗಳೆಯಲಾಗದು. ಆದರೆ ಬೆಲೆ ಕಟ್ಟುವವರು ಯಾರೆಂದು ಕೇಳುವುದು ಇತಿಹಾಸದ ಕೆಲಸ. ಕಂಪನಿಗಳ ನಷ್ಟವನ್ನು ಕೋಟಿಗಳಲ್ಲಿ ಹೇಳಬಹುದು. ಸಂಸತ್ತಿನಲ್ಲಿ ಪ್ರಶ್ನೆ ಕೇಳಿದರೆ ಉತ್ತರವೂ ಸಿಗುತ್ತದೆ. ಅಣ್ಣನ ಮಣ್ಣಿಗೆ ಹೋಗಲಾರದ ತಂಗಿಯ ನಷ್ಟಕ್ಕೆ ಅಂಥ ಅಂಕಿ ಇಲ್ಲ. ಎತ್ತಿನ ಗಾಡಿಯವನ ಹೆಸರಿನಂತೆ ಅದೂ ದಾಖಲೆಗಳ ಹೊರಗೇ ಉಳಿಯುತ್ತದೆ.

ಎರಡು ಊರುಗಳ ದೂರವನ್ನು ಕೇಳಿದರೆ ಫೋನು ಈಗಲೂ ಕ್ಷಣದಲ್ಲಿ ಉತ್ತರ ಕೊಡುತ್ತದೆ: 880 ಕಿ.ಮೀ., ಒಂದೂವರೆ ಗಂಟೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಉಲ್ಹಾಸನಗರದಲ್ಲಿರುವ, ಬಾಲ್ಯದಲ್ಲಿ ಕರಾಚಿಯಿಂದ ಹಡಗು ಹತ್ತಿ ಬಂದ ಮುದುಕರಿಗೆ ಆ ಉತ್ತರದಿಂದ ಏನೂ ಉಪಯೋಗವಿಲ್ಲ. ಅವರು ಬಲ್ಲ ದೂರವನ್ನು ಹೇಳಲು ನಮ್ಮ ಹಿರಿಯರ ಅಳತೆಯೇ ಬೇಕು. ಎಷ್ಟು ದಿನದ ಹಾದಿ ಎಂದು ಕೇಳಬೇಕು. ಹೊಳೆ ಇಳಿದಿದೆಯೇ ಎಂದೂ ಕೇಳಬೇಕು.